ಟೇಲರ್ ಪರಸವ್ವನ ನಂಬರು

ಅಕ್ಕಾ,

ನೀನು ಮನೆ ಬಿಟ್ಟು ಮದುವೆಯಾದಾಗಿನಿಂದ ಅಣ್ಣ ನಿನ್ನನ್ನು ಹುಡುಕುತ್ತಲೇ ಇದ್ದಾನೆ. ಹೆದರಿಸಿದರೆ ಬಾಯಿಬಿಟ್ಟೇನೆಂದು ನಾನು ನಿನ್ನ ಊರು ಕೇಳಲಿಲ್ಲ. ಹೀಗಾಗಿ ಈ ಪತ್ರಕ್ಕೆ ವಿಳಾಸವಿಲ್ಲ.

ಇವತ್ತು ಅಣ್ಣ ನಮ್ಮನ್ನೆಲ್ಲ ಸಾರವಾಡದಿಂದ ಗಾಂಧಿ ಚೌಕದ ಮೊಬೈಲ್ ಅಂಗಡಿಗೆ ಕರೆದೊಯ್ದ. ಮನೆಯ ನಾಲ್ಕೂ ನಂಬರು ಒಂದೇ ಫ್ಯಾಮಿಲಿ ಪ್ಲಾನಿಗೆ, ಬಿಲ್ಲು ಅವನ ಹೆಸರಿಗೆ.

"ಯಾರು ಯಾರಿಗೆ ಫೋನ್ ಮಾಡ್ಯಾರ, ಎಲ್ಲಾ ನಿಮಗ ಕಾಣತೈತ್ರಿ," ಎಂದ ಅಂಗಡಿಯವನು.

ಅವನು ನನ್ನ ಹಳೆ ಫೋನಿನ ಹೆಸರುಗಳನ್ನು ಹೊಸದಕ್ಕೆ ಹಾಕುವಾಗ ಅಣ್ಣ ಬಗ್ಗಿ ನೋಡಿದ.

"ಟೇಲರ್ ಪರಸವ್ವ ಯಾರಬೇ?"

ಆ ಹೆಸರಿನಲ್ಲಿ ಇದ್ದದ್ದು ನೀನು.

"ಬ್ಲೌಸ್ ಹೊಲಿಯಾಕಿ, ಅಣ್ಣಾ."

"ಹಂಗಾರ ಫೋನ್ ಹಚ್ಚು. ನಿಮ್ಮ ವೈನೀದೂ ಎರಡು ಹೊಲಿಸೂದೈತಿ," ಎಂದ ಅಣ್ಣ, ಅತ್ತಿಗೆಯ ಕಡೆ ತಿರುಗಿ.

"ಆಕಿ ಹೊಲಿಯೂದು ಬಿಟ್ಟಾಳ," ಎಂದೆ. ಅಂಗಡಿಯವನಿಗೆ, "ಆ ನಂಬರ್ ತೆಗದಬಿಡ್ರಿ," ಎಂದೆ.

ಅವನು ಎರಡೂ ಫೋನಿನಿಂದ ತೆಗೆದ. ನನಗೆ ಕಡೆಯ ಎರಡು ಅಂಕಿ ಮಾತ್ರ ನೆನಪಿವೆ.

ನಾಳೆ ಶುಕ್ರವಾರ, ನಾನು ನಿನಗೆ ಫೋನ್ ಮಾಡುವ ದಿನ. ಬರದಿದ್ದರೆ ಗಾಬರಿಯಾಗಿ ನೀನೇ ಮಾಡುತ್ತೀಯ. ಬಳಸುವುದನ್ನು ಕಲಿಸಿಕೊಡುತ್ತೇನೆಂದು ಅಣ್ಣ ನನ್ನ ಹೊಸ ಫೋನನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದಾನೆ. ತಂಗಿ ಮರೆತಳೆಂದು ಸಿಟ್ಟು ಮಾಡಿಕೊಂಡು ಸುಮ್ಮನಿದ್ದುಬಿಡು, ಅಕ್ಕಾ.