ಸಮುದ್ರಕ್ಕೆ ಹಾಕಿದ ಒಡ್ಡು

ಶಲವಡಿ
೧೩ ಜೂನ್ ೨೦೨೫, ಶುಕ್ರವಾರ

ಪ್ರೀತಿಯ ತಮ್ಮ ಭೀಮಶಿಗೆ,

ನಿನ್ನ ಅಕ್ಕ ದೇವಕ್ಕನ ಆಶೀರ್ವಾದ. ಸೊಂಟದ ನೋವು ಹೇಗಿದೆ? ನೀಲಾಳ ಕೆಮ್ಮು ನಿಂತಿತೋ, ಇಲ್ಲಾ ಇನ್ನೂ ಕಡಲ ಗಾಳಿಯ ಮೇಲೇ ತಪ್ಪು ಹೊರಿಸುತ್ತಿದ್ದಾಳೋ? ಹುಡುಗಿಯರಿಬ್ಬರೂ ಶಾಲೆಗೆ ಹೋಗಹತ್ತಿದರು ಎಂದುಕೊಂಡಿದ್ದೇನೆ. ನಾನು ಆರಾಮ. ಮೊಣಕಾಲು ಮಾತ್ರ ಮಳೆ ಬರುವ ಹಿಂದಿನ ದಿನವೇ ಸುದ್ದಿ ಕೊಡುತ್ತದೆ. ರೇಡಿಯೋದವರಿಗಿಂತ ಅದರ ಮಾತು ಖರೆ. ಫೋನು ಇರುವಾಗ ಪತ್ರ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ಸಿಟ್ಟಿಗೇಳುತ್ತೇನೆ, ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ. ಕಾಗದದ ಮುಂದೆ ನೀನು ಸುಮ್ಮನೆ ಕೂಡಲೇಬೇಕು.

ಇಲ್ಲಿ ಮಿರಗದ ಮಳೆ ಕೂಡಿದ ಮೂರೇ ದಿನಕ್ಕೆ ಬೆಣ್ಣಿಹಳ್ಳ ದಂಡೆ ಮೀರಿತು. ಹೆಸರು ಬಿತ್ತಿದವರ ಮುಖ ನೋಡುವ ಹಾಗಿಲ್ಲ. ಹೋದ ಬೇಸಿಗೆಯಲ್ಲಿ ನಾನು ಹಾಕಿಸಿದ ಒಡ್ಡುಗಳಲ್ಲಿ ಎರಡು ಒಡೆದವು, ಇಪ್ಪತ್ತೊಂದು ನಿಂತವು. ಜನ ಮಾತ್ರ ಆ ಎರಡನ್ನೇ ಎಣಿಸುತ್ತಾರೆ. ಹದಿನಾಲ್ಕರ ವಯಸ್ಸಿಗೆ ಮಣ್ಣಿನ ಬುಟ್ಟಿ ಹೊತ್ತವಳು ಈಗ ಮೂರು ತಾಲೂಕಿನ ಹೊಲಗಳಿಗೆ ಒಡ್ಡು ಹಾಕಿಸುತ್ತಾಳೆ ಎಂದು ನೀನು ಅಲ್ಲಿ ಸಿಕ್ಕಸಿಕ್ಕವರ ಮುಂದೆ ಹೊಗಳುತ್ತೀಯಂತೆ. ಹೊಗಳು, ಬೇಡ ಎನ್ನಲಾರೆ. ಆದರೆ ಒಡೆದದ್ದನ್ನೂ ಸೇರಿಸಿ ಹೇಳು. ನಿನ್ನೆ ಆ ಒಡೆದ ಒಡ್ಡಿನ ಮೇಲೆ ನಿಂತಾಗ ಅಪ್ಪನ ಮಾತು ನೆನಪಾಯಿತು: "ತೊಳಕೊಂಡು ಹೋಗೂ ಮಣ್ಣು ಮನಿ ಮಂದಿಗೆ ಹೇಳಿ ಹೋಗೂದಿಲ್ಲ." ಅವನು ಹೊಲದ ಬಗ್ಗೆ ಹೇಳಿದ್ದ. ನನಗೆ ನಿನ್ನ ಹಿತ್ತಲು ಕಣ್ಣ ಮುಂದೆ ಬಂತು.

ನೀನು ಕಳಿಸಿದ, ನಿಮ್ಮ ಕಡಲ ದಂಡೆ ಉಳಿಸುವ ಯೋಜನೆಯ ಪುಸ್ತಕ ಎರಡು ಸಲ ಓದಿದೆ. ಮೊದಲನೇ ಸಲ ನಕ್ಕೆ. ಹೊಳೆಯ ಬಾಯಲ್ಲಿ ತುಂಬಿಕೊಂಡ ಉಸುಕನ್ನು ಯಂತ್ರದಿಂದ ಎತ್ತಿ ತಂದು ದಂಡೆಗೆ ಹರವುವುದು, ಸಮುದ್ರ ಅದನ್ನು ತಿನ್ನುವುದು, ಐದು ವರ್ಷಕ್ಕೆ ಮತ್ತೆ ಹರವುವುದು, ಹೀಗೆ ಮೂವತ್ತು ವರ್ಷ. ಇದೇನು ಸಮುದ್ರಕ್ಕೆ ಮೇವು ಹಾಕುವ ಕೆಲಸವೇ ಎಂದುಕೊಂಡೆ. ಎರಡನೇ ಸಲ ನಗೆ ಬರಲಿಲ್ಲ. ನಾವು ಮಾಡುವುದೂ ಅದೇ ಅಲ್ಲವೇ? ಬೇಸಿಗೆಯಲ್ಲಿ ಕೆರೆಯ ಹೂಳು ಹೇರಿ ಹೊಲಕ್ಕೆ ಹರವುತ್ತೇವೆ, ಮಳೆ ತೊಳೆಯುತ್ತದೆ, ಮತ್ತೆ ಹೇರುತ್ತೇವೆ. ಒಂದೇ ಸಲಕ್ಕೆ ಮುಗಿಯಿತು ಎಂದು ಯಾವ ಒಕ್ಕಲಿಗನೂ ಹೇಳುವುದಿಲ್ಲ. ಮೂವತ್ತು ವರ್ಷ ಮುಂದೆ ನೋಡಿ ಬರೆದವನು ತಿಳಿದವನೇ ಇರಬೇಕು. ಇಪ್ಪತ್ತಮೂರನೆಯ ಪುಟದಲ್ಲಿ ಅವನು ಎರಡು ಮಾತು ಬರೆದಿದ್ದಾನೆ. ದಂಡೆಗೆ ಹತ್ತಿದ ಹನ್ನೊಂದು ಮನೆಗಳು ರಸ್ತೆಯಾಚೆ ಸರಿಯಬೇಕು. ಮತ್ತು ಕಲ್ಲಿನ ಗೋಡೆ ಇರುವಲ್ಲಿ ಉಸುಕು ನಿಲ್ಲದು, ಅದನ್ನು ತೆಗೆಯದೆ ಕೆಲಸ ಹಿಡಿಯುವಂತಿಲ್ಲ. ಆ ದಂಡೆಯಲ್ಲಿ ಕಲ್ಲಿನ ಗೋಡೆ ಇರುವುದು ಒಂದೇ. ಅದು ನಿನ್ನದು, ಅಂದರೆ ನನ್ನದು.

ಬಂದರಿನ ಕೆಲಸಕ್ಕೆಂದು ನನ್ನ ಆಳುಗಳ ಜೊತೆ ಘಟ್ಟ ಇಳಿದ ನೀನು ನೀಲಾಳನ್ನು ಮದುವೆಯಾಗಿ ಅಲ್ಲೇ ನಿಂತೆ. ಅದಕ್ಕೆ ನಾನು ಒಂದು ದಿನವೂ ಬೇಸರ ಮಾಡಿಕೊಂಡಿಲ್ಲ. ಆರು ವರ್ಷದ ಹಿಂದೆ "ಅಕ್ಕಾ, ನೀರು ಹಿತ್ತಲಕ್ಕ ಬಂತು ಬೇ" ಎಂದು ಫೋನಿನಲ್ಲಿ ಅತ್ತೆಯಲ್ಲ, ಅವತ್ತೇ ನಾನು ನಮ್ಮ ಗೌಂಡಿ ಅಲ್ಲಾಭಕ್ಷನನ್ನೂ ಎಂಟು ಆಳುಗಳನ್ನೂ ಕಟ್ಟಿಕೊಂಡು ಹೊರಟೆ. ಮೂವತ್ತು ವರ್ಷ ನನ್ನ ಕಲ್ಲು ಕೂಡಿಸಿದವನು ಅವನು. ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಸೋರಿಸುತ್ತ ಕೇಳಿದ, "ಇದಕ್ಕ ಕೋಡಿ ಎಲ್ಲಿ ಇಡೂಣು ಅಕ್ಕಾ?" ಕೋಡಿ ಇಲ್ಲದ ಒಡ್ಡನ್ನು ಅವನು ಜನ್ಮದಲ್ಲಿ ಕಟ್ಟಿರಲಿಲ್ಲ, ಹೆಚ್ಚಾದ ನೀರಿಗೆ ನಾವು ದಾರಿ ಇಡದಿದ್ದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ. ನಾನು, "ಸಮುದ್ರಕ್ಕ ಕೋಡಿ ಇಡಾಂವ ನೀ ಒಬ್ಬಾಂವ ಹುಟ್ಟೀದಿ ನೋಡಪಾ, ಸುಮ್ಮ ಕಲ್ಲು ಕೂಡಸು" ಎಂದೆ. ನಮ್ಮ ಕಡೆ ಒಡ್ಡು ಎತ್ತರಿಸುವ ಮುಂಚೆ ಬಾಜು ಹೊಲದವನ ಮನೆಗೆ ಎಲೆ ಅಡಿಕೆ ಒಯ್ದು ಕೇಳಬೇಕು. ಅವನು ಎಲೆ ಮಡಿಸಿ ಬಾಯಿಗೆ ಹಾಕಿಕೊಂಡರೆ ಒಪ್ಪಿದಂತೆ. ಪಕ್ಕಕ್ಕೆ ಇಟ್ಟರೆ ಗುದ್ದಲಿ ಇಳಿಸಬೇಕು. ಈ ಪದ್ಧತಿ ಮುರಿದವರ ಎಷ್ಟು ಜಗಳ ಬಿಡಿಸಿದ್ದೇನೋ ಲೆಕ್ಕವಿಲ್ಲ. ಅಲ್ಲಿ ನಾನು ಎಲೆ ಅಡಿಕೆಯನ್ನು ಸಮುದ್ರಕ್ಕೆ ಎಸೆದೆ, ನಮ್ಮ ಬಾಜು ಹೊಲದವನು ಇವನೇ ಎಂದು. ಎಲ್ಲರೂ ನಕ್ಕರು. ತೆರೆ ಅದನ್ನು ತಿರುಗಿ ತಂದು ದಂಡೆಗೆ ಹಾಕಿತು. ನಿನ್ನ ಬಾಜು ಮನೆಯ ಗಣಪಿ ತನ್ನ ತೆಂಗಿನ ಬುಡದಲ್ಲಿ ನಿಂತು ಅದನ್ನೆಲ್ಲ ನೋಡುತ್ತಿದ್ದಳು. ಅವಳನ್ನು ನಾನು ಕೇಳಲಿಲ್ಲ.

ಕಳೆದ ದೀಪಾವಳಿಗೆ ಬಂದಾಗ ಎಂದಿನಂತೆ ನಿನ್ನ ಹಿತ್ತಲ ಬಾಗಿಲಿನಿಂದ ನೀರಿನವರೆಗೆ ಇಳಿತದ ಹೊತ್ತಿಗೆ ಹೆಜ್ಜೆ ಎಣಿಸಿದೆ. ನನ್ನ ಅಳತೆ ಪುಸ್ತಕದಲ್ಲಿದೆ: ಮನೆ ಹೊಕ್ಕ ವರ್ಷ ತೊಂಬತ್ತನಾಲ್ಕು, ಗೋಡೆ ಕಟ್ಟಿದಾಗ ಐವತ್ತೆಂಟು, ಈಗ ಹದಿನೇಳು. ಆ ಹದಿನೇಳರಲ್ಲಿ ಹನ್ನೆರಡು ಗೋಡೆಯ ಈಚೆಗೆ. ತೆರೆ ಬಂದು ಗೋಡೆಗೆ ಬಡಿಯುತ್ತದೆ, ಹೋಗುವಾಗ ಬುಡದ ಉಸುಕನ್ನು ಬಾಚಿಕೊಂಡು ಹೋಗುತ್ತದೆ. ಗೋಡೆ ಮುಗಿದಲ್ಲಿ ಮೈ ತಿರುಗಿಸಿ ಬಾಜು ಹಿತ್ತಲನ್ನು ಕೊರೆಯುತ್ತದೆ. ಅಲ್ಲಾಭಕ್ಷ ಕೇಳಿದ ಕೋಡಿ ಅದು. ನಾವು ಇಡಲಿಲ್ಲ, ಸಮುದ್ರ ಗಣಪಿಯ ಹಿತ್ತಲಲ್ಲಿ ಇಟ್ಟುಕೊಂಡಿತು. ಅವಳ ಮೂರು ಸಾಲು ತೆಂಗಿನಲ್ಲಿ ಎರಡು ಹೋಗಿವೆ, ದೋಣಿಯ ಚಪ್ಪರವೂ ಹೋಗಿದೆ. ಮುಖ ತಪ್ಪಿಸಿ ಹೋಗುತ್ತಿದ್ದ ನನ್ನನ್ನು ಅವಳೇ ಕರೆದು ಚಹಾ ಕೊಟ್ಟಳು. "ನಿಮ್ಮ ತಮ್ಮನ ಮನೆ ಉಳೀತಲಾ ಅಕ್ಕೋರೇ, ಒಂದಾದ್ರೂ ಉಳೀಲಿ" ಎಂದಳು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಯೋಜನೆಯ ಸಭೆ ಬರುವ ಶುಕ್ರವಾರ. ಹತ್ತು ಮನೆಯವರು ಒಪ್ಪಿ ಸಹಿ ಹಾಕಿದ್ದಾರೆ, ನೀನೊಬ್ಬ ಹಾಕಿಲ್ಲ ಎಂದು ನೀಲಾ ಹೇಳಿದಳು. "ನಮ್ಮಕ್ಕ ಕಟ್ಟಿಸಿದ ಗ್ವಾಡಿ, ನಾ ಇರೂತನಕ ಒಂದು ಕಲ್ಲು ಅಲುಗಾಡಸಾಕ ಬಿಡೂದಿಲ್ಲ" ಎಂದು ಎಂಜಿನಿಯರನ ಮುಂದೆ ಎದೆ ತಟ್ಟಿಕೊಂಡೆಯಂತೆ. ಲೇ ಹುಚ್ಚಾ, ನನ್ನ ಮರ್ಯಾದೆ ನಿನ್ನ ಎರಡು ಹುಡುಗಿಯರಿಗಿಂತ ಎತ್ತರದ್ದಲ್ಲ. ಅಕ್ಕನ ಕೈ ತಪ್ಪುವುದಿಲ್ಲ ಎಂದು ನೀನು ನಂಬಿರುವುದು ನಾನೇ ಕಲಿಸಿದ್ದು, ಅದನ್ನು ನಾನೇ ಬಿಡಿಸಬೇಕು. ಸಹಿ ಹಾಕು. ಅದಕ್ಕೂ ಮೊದಲು ಎಲೆ ಅಡಿಕೆ ತೆಗೆದುಕೊಂಡು ಗಣಪಿಯ ಮನೆಗೆ ಹೋಗು. ಆರು ವರ್ಷ ತಡವಾಯಿತು, ಆದರೂ ನನ್ನ ಹೆಸರು ಹೇಳಿ ಕೊಡು. ಅವಳು ಪಕ್ಕಕ್ಕೆ ಇಟ್ಟರೆ ಮಾತು ಬೆಳೆಸದೆ ತಲೆ ತಗ್ಗಿಸಿ ಬಾ.

ನೀಲಾಳ ಕೆಮ್ಮಿಗೆ ಅಜವಾನ ಹುರಿದು ಕಟ್ಟಿದ್ದೇನೆ, ಬಿಸಿನೀರಿನ ಜೊತೆ ತಿನ್ನಲಿ. ಹುಡುಗಿಯರ ಗಲ್ಲ ಹಿಂಡಿ ಅತ್ತೆ ನೆನಸಿದಳು ಎನ್ನು. ನಿನ್ನ ಒಲೆ ಎಲ್ಲಿ ಹೂಡಿದರೂ ತಣ್ಣಗಾಗದಿರಲಿ.

ನಿನ್ನ ಅಕ್ಕ,
ದೇವಕ್ಕ

ತಾ.ಕ.: ಪಾಕೀಟು ಅಂಟಿಸಿದ್ದನ್ನು ಮತ್ತೆ ಹರಿದೆ. ದೀಪಾವಳಿ ಮುಗಿಸಿ ಹೊರಟ ದಿನ, ನೀವೆಲ್ಲ ಬುತ್ತಿ ಕಟ್ಟುತ್ತಿದ್ದಾಗ, ಗೋಡೆಯ ಬುಡಕ್ಕೆ ಹೋಗಿ ಕಲ್ಲಿನ ಸಂದಿಯಲ್ಲಿ ಕೈ ಹಾಕಿದೆ. ಭುಜದವರೆಗೆ ಹೋಯಿತು. ಒಳಗೆ ನಾವು ತುಂಬಿದ ಜಲ್ಲಿ ಇಲ್ಲ, ಉಸುಕಿಲ್ಲ, ಬರೀ ನೀರಿನ ಸಪ್ಪಳ. ಆ ಟೊಳ್ಳು ನಿನ್ನ ಅಡುಗೆಮನೆಯ ಕಡೆಗೆ ತಿರುಗಿದೆ. ತೊಯ್ದ ತೋಳು ಒರೆಸಿಕೊಂಡು ಸುಮ್ಮನೆ ಬಸ್ಸು ಹತ್ತಿದೆ, ನಿನ್ನ ಕಣ್ಣಿನಲ್ಲಿ ಸಣ್ಣವಳಾಗುತ್ತೇನೆಂದು. ಏಳು ತಿಂಗಳಲ್ಲಿ ಮೂರು ಸಲ ಹೇಳಲೆಂದೇ ಫೋನು ಹಚ್ಚಿದೆ, ಮೂರು ಸಲವೂ ಸೊಂಟದ ನೋವು ಕೇಳಿ ಇಟ್ಟೆ. ಇಪ್ಪತ್ತೈದಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಮಾವಾಸ್ಯೆಯ ತೆರೆ ಎಷ್ಟು ಏರುತ್ತದೆ ಎಂಬುದು ನನಗಿಂತ ನಿನಗೆ ಗೊತ್ತು. ಉಸುಕಿನ ಎತ್ತಿಗೆ ಕಾಲು ನಿಲ್ಲುವುದಿಲ್ಲ ಎಂದು ವರ್ಷಾ ವರ್ಷಾ ಹುಡುಗಿಯರಿಗೆ ಎತ್ತು ಮಾಡಲು ನಮ್ಮ ಹೊಲದ ಎರೆಮಣ್ಣು ಬಸ್ಸಿಗೆ ಹಾಕುತ್ತಿದ್ದೆ. ಈ ಸಲ ಕಳಿಸುವುದಿಲ್ಲ, ಇಲ್ಲೇ ನೆನೆ ಹಾಕಿದ್ದೇನೆ. ಪತ್ರವನ್ನು ಅಂಚೆಗೆ ಹಾಕದೆ ಅಲ್ಲಾಭಕ್ಷನ ಕೈಯಲ್ಲಿ ಕೊಟ್ಟಿದ್ದೇನೆ. ನೀನು ಓದಿ ಮುಗಿಸುವವರೆಗೆ ಅವನು ಬಾಗಿಲಲ್ಲೇ ನಿಂತಿರುತ್ತಾನೆ. ನೀಲಾಳನ್ನೂ ಹುಡುಗಿಯರನ್ನೂ ಅವನ ಜೊತೆ ಇಲ್ಲಿಗೆ ಕಳಿಸು. ನೀನು ಸಭೆಯವರೆಗೆ ರಸ್ತೆಯಾಚೆ ಮಲಗು, ಸಹಿ ಹಾಕಿ ಅಮಾವಾಸ್ಯೆಯೊಳಗೆ ನೀನೂ ಬಾ. ಗಣಪಿಗೂ ಬಸ್ಸಿನಲ್ಲಿ ಒಂದು ಸೀಟು ಹಿಡಿಯಲು ಅವನಿಗೆ ಹೇಳಿದ್ದೇನೆ. ಬರುತ್ತಾಳೋ ಇಲ್ಲವೋ, ಈ ಸಲ ಅವಳನ್ನು ಮೊದಲು ಕೇಳು.