ಎರಡಡಿ ಟ್ಯಾಂಕಿನಲ್ಲಿ ಎಷ್ಟು ಮೀನು

ಕಡೂರು
ಶನಿವಾರ, 9-11-2024

ಮುದ್ದು ಸುಮೇರಾ,

ಅಸ್ಸಲಾಮು ಅಲೈಕುಂ. ಅತ್ತೆ ಕಾಗದ ಬರೆಯೋ ಕಾಲ ಬಂತಾ ಅಂತ ನಗಬೇಡ. ಫೋನ್ ಮಾಡಿದರೆ ಅಲ್ಲಿ ನಿಮ್ಮಮ್ಮ ಪಕ್ಕದಲ್ಲಿರ್ತಾರೆ, ಇಲ್ಲಿ ನಿನ್ನ ಮಾವ. ಊಟ ಆಯ್ತಾ ಅಂತ ಕೇಳಿ ಇಬ್ಬರೂ ಮುಗಿಸಿಬಿಡ್ತೀವಿ. ಮನೇಲಿ ಆಡೋದು ದಖನಿಯಾದರೂ ಬರೆಯೋಕೆ ನಮ್ಮಿಬ್ಬರಿಗೂ ಬರೋದು ಸ್ಕೂಲಲ್ಲಿ ಕಲಿತ ಕನ್ನಡವೇ. ಅದಕ್ಕೇ ಇದರಲ್ಲೇ ಬರೀತಿದ್ದೀನಿ.

ಶಾಹಬಾಜ್ ಹೊಸ ಮೀನು ತಂದ ಅಂತ ನಿನ್ನ ಮಾವ ಹೇಳಿದ್ದು ಕೇಳಿ, ಆ ಟ್ಯಾಂಕು ಅಷ್ಟು ಮೀನು ತಡೆಯುತ್ತಾ ಅಮ್ಮೀ ಅಂತ ಹೋದ ವಾರ ಫೋನಲ್ಲಿ ಕೇಳಿದೆಯಲ್ಲ, ಎಲ್ಲಾ ಚೆನ್ನಾಗಿವೆ ಕಣಮ್ಮ ಅಂತ ನಾನಂದೆ. ಚೆನ್ನಾಗಿರಲಿಲ್ಲ.

ನೀನು ಬಿಟ್ಟುಹೋದ ಐದು ಪಟ್ಟೆ ಮೀನು, ಆ ಜೀಬ್ರಾಗಳು, ಹಾಗೇ ಇವೆ. ನೀನು ತವರಿಗೆ ಹೋದ ಮೇಲೆ ನನ್ನ ಮಗರಾಯ ಶಾಹಬಾಜ್ ಒಂದು ಭಾನುವಾರ ಕವರಿನಲ್ಲಿ ನೀರು ತುಂಬಿಸಿಕೊಂಡು ಒಂದು ಗೋಲ್ಡ್‌ಫಿಶ್ ತಂದ. ಮನೆ ಕಳೆಕಳೆಯಾಗಲಿ ಅಂತ ತಂದಿರಬೇಕು ಅಂದುಕೊಂಡೆ. ಆಮೇಲೆ ಇನ್ನೊಂದು ಬಂತು, ಮತ್ತೊಂದು ಬಂತು. ಒಟ್ಟು ಏಳಾದವು. ಸಾಲದ್ದಕ್ಕೆ ನಿನ್ನ ಮಾವ ನಾಷ್ಟಾಕ್ಕೆ ಕೂತಾಗೆಲ್ಲ ರೊಟ್ಟಿ ಚೂರು ಹಾಕೋರು. ನೀರು ಮಬ್ಬಾಯ್ತು, ವಾಸನೆ ಬಂತು. ಸಾಕು ಕಣೋ, ಇನ್ನು ತರಬೇಡ ಅಂದರೆ ಹೂಂ ಅಂದು ತನ್ನ ಮೋಟಾರ್ ರಿಪೇರಿ ಅಂಗಡಿಗೆ ಹೋಗಿಬಿಡೋನು, ವೈಂಡಿಂಗ್ ಕೆಲಸದ ನೆವ ಮಾಡಿಕೊಂಡು.

ಕೊನೆಗೆ ಕವರಿನ ಮೇಲಿದ್ದ ನಂಬರಿಗೆ ನಾನೇ ಫೋನ್ ಮಾಡಿದೆ. ಎತ್ತಿಕೊಂಡಿದ್ದು ಮೀನಿನ ಅಂಗಡಿಯ ತಿಪ್ಪೇಶ ಅನ್ನೋನು. ನನ್ನ ಟ್ಯಾಂಕಿಗೆ ಎಷ್ಟು ಮೀನು ಸರಿ ಅಂತ ಕೇಳಿದೆ. ಅಳತೆ ಕೇಳಿದ. ಹೊಲಿಗೆ ಟೇಪು ಹಿಡಿದು ನೋಡಿದೆ, ಉದ್ದ ಎರಡಡಿ, ಅಗಲ ಒಂದಡಿ, ಎತ್ತರ ಒಂದೂಕಾಲಡಿ. ಕೆಳಗಿನ ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ಐವತ್ತು ಲೀಟರಿನ ಮೇಲೆ ಸ್ವಲ್ಪ ನೀರು ಹಿಡಿಯುತ್ತಂತೆ. ಮೀನು ಈಗ ಎಷ್ಟಿದೆ ಅಂತ ನೋಡಬೇಡಿ ಅಮ್ಮ, ಮುಂದೆ ಎಷ್ಟು ಬೆಳೆಯುತ್ತೆ ಅಂತ ನೋಡಿ ಅಂದ. ಗೋಲ್ಡ್‌ಫಿಶ್ ಗೇಣುದ್ದ ಬೆಳೆಯುತ್ತಂತೆ, ಗಲೀಜೂ ಜಾಸ್ತಿಯಂತೆ. ಆ ಟ್ಯಾಂಕಿಗೆ ಅದು ಒಂದೂ ಹೆಚ್ಚೇ. ಜೀಬ್ರಾಗಳಾದರೆ ಆರಾಮಾಗಿರ್ತವೆ, ಐದರ ಜೊತೆಗೆ ಇನ್ನು ಮೂರು ಬಂದರೂ ತೊಂದರೆಯಿಲ್ಲ ಅಂದ.

ಮತ್ತೆ ಯಾಕಪ್ಪಾ ನನ್ನ ಮಗನಿಗೆ ಕೊಟ್ಟೆ ಅಂತ ಗದರಿದೆ. ಅವನು ಹೇಳಿದ, ಬೇಡ ಸಾರ್ ಅಂತ ಪ್ರತಿ ಸಲ ಹೇಳ್ತೀನಮ್ಮ, ಆದರೆ ಅವರು ಮೀನಿಗೆ ಅಂತ ಬರೋದೇ ಅಲ್ಲ, ಬಾಗಿಲಲ್ಲಿ ನಿಂತು ಎದುರು ಬೀದಿ ನೋಡ್ತಾ ಇರ್ತಾರೆ, ಸುಮ್ಮನೆ ನಿಂತಿದ್ದಕ್ಕೆ ನಾಚಿಕೆಯಾಗಿ ಒಂದು ಮೀನು ತಗೊಂಡು ಹೋಗ್ತಾರೆ ಅಂತ. ಅಂಗಡಿ ಎಲ್ಲಿ ಅಂತ ಕೇಳಿದೆ. ತರೀಕೆರೆಯಲ್ಲಿ ಸುಮೇರಾ, ನಿನ್ನ ತವರಿನ ಬೀದಿಯ ತುದಿಯಲ್ಲಿ.

ತವರಿಗೆ ಹೊರಟ ದಿನ ನೀನು ಶಾಹಬಾಜನಿಗೆ ಅಂದ ಮಾತು ಅಡಿಗೆಮನೆಯಲ್ಲಿದ್ದ ನನ್ನ ಕಿವಿಗೂ ಬಿದ್ದಿತ್ತು. ಐದನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಮಗು ಹೋಯ್ತು, ನಿಮ್ಮ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ, ನಾನು ಕರೆಯೋವರೆಗೂ ತರೀಕೆರೆಗೆ ಬರಬೇಡಿ ಅಂದೆ. ನಿನ್ನದು ತಪ್ಪು ಅಂತ ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸ್ತಿಲ್ಲ. ಆದರೆ ಅವನು ಚಿಕ್ಕಂದಿನಿಂದಲೂ ಹೇಳಿದ ಮಾತನ್ನ ಹೇಳಿದ ಹಾಗೇ ಹಿಡಿಯೋನು. ಕರೆದಿಲ್ಲವಲ್ಲ, ಅದಕ್ಕೇ ಬೀದಿ ತುದಿಯಲ್ಲೇ ನಿಂತು ವಾಪಸ್ ಬರ್ತಿದ್ದ.

ಇದು ಗೊತ್ತಾದ ಮೇಲೂ ನಾನು ಅವನನ್ನ ಏನೂ ಕೇಳಲಿಲ್ಲ. ಮಂಗಳವಾರ ರಾತ್ರಿಯೆಲ್ಲಾ ಕರೆಂಟಿರಲಿಲ್ಲ, ಟ್ಯಾಂಕಿನ ನೀರಿಗೆ ಗಾಳಿ ಬಿಡೋ ಮೋಟಾರು ನಿಂತಿತ್ತು. ಬೆಳಗಿನ ಜಾವ ಫಜರ್ ನಮಾಜಿಗೆ ಎದ್ದು ನೋಡಿದರೆ ಮೀನೆಲ್ಲಾ ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ. ಮೊದಲು ತಂದ ದೊಡ್ಡ ಗೋಲ್ಡ್‌ಫಿಶ್ ಮಗ್ಗುಲಾಗಿ ತೇಲ್ತಿತ್ತು. ಶಾಹಬಾಜನನ್ನ ಕೂಗಿದೆ. ಅವನು ಲೋಟದಲ್ಲಿ ನೀರು ಎತ್ತಿ ಎತ್ತಿ ಹುಯ್ದ, ಹಳೇ ನೀರು ತೆಗೆದು ಹೊಸದು ಹಾಕಿದ. ಮಿಕ್ಕವು ಉಳಿದವು, ಅದು ಉಳೀಲಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಆಮೇಲೆ ಅತ್ತ ಸುಮೇರಾ. ಮೀನಿಗೆ ಯಾರಾದರೂ ಹಾಗೆ ಅಳ್ತಾರಾ? ನಾನು ಅವನ ತಲೆ ಹಿಡಿದುಕೊಂಡು ಕೂತೆ, ನಿನ್ನ ಮಾವ ಬಾಗಿಲಲ್ಲೇ ನಿಂತರು. ಆಸ್ಪತ್ರೆಯಲ್ಲಿ ನಾನೂ ಅತ್ತರೆ ಅವಳನ್ನ ಯಾರು ಹಿಡ್ಕೋತಾರೆ ಅಂತ ತಡ್ಕೊಂಡೆ ಅಮ್ಮೀ, ಆಮೇಲೆ ಅಳೋಕೆ ಹೋದರೆ ಬರಲೇ ಇಲ್ಲ ಅಂದ. ಮಗುವಿಗೆ ಮನಸ್ಸಿನಲ್ಲೇ ಒಂದು ಹೆಸರು ಇಟ್ಟುಕೊಂಡಿದ್ದನಂತೆ. ನನಗೆ ಹೇಳಿದ. ಇಲ್ಲಿ ಬರೆಯಲ್ಲ, ಅದನ್ನ ಅವನೇ ನಿನಗೆ ಹೇಳಬೇಕು.

ಅವತ್ತೇ ಮಿಕ್ಕ ಆರು ಗೋಲ್ಡ್‌ಫಿಶ್ ಬಕೆಟ್ಟಿಗೆ ಹಾಕಿಕೊಂಡು ಪಂಚನಹಳ್ಳಿಗೆ ಹೋದ. ಅಲ್ಲಿ ಬಸವರಾಜ ಅಂತ, ಬೋರಿನ ಮೋಟಾರ್ ಕೆಟ್ಟಾಗೆಲ್ಲ ಇವನ ಹತ್ತಿರ ತರೋರು. ಅವರ ತೆಂಗಿನ ತೋಟದಲ್ಲಿ ಸಿಮೆಂಟಿನ ದೊಡ್ಡ ತೊಟ್ಟಿಯಿದೆ. ಹಾಕ್ರೀ ಪಾಪ, ಸೊಳ್ಳೆ ಮರಿ ತಿನ್ಕೊಂಡು ಬದುಕ್ಲಿ ಅಂದರಂತೆ. ಬಿಟ್ಟ ಕೂಡಲೇ ಆರೂ ಒಂದು ಸುತ್ತು ಹೊಡೆದವಂತೆ. ಅದನ್ನ ಹೇಳುವಾಗ ಮುಖ ಸ್ವಲ್ಪ ಹಗುರಾಗಿತ್ತು.

ಈಗ ಟ್ಯಾಂಕಿನಲ್ಲಿ ನಿನ್ನ ಐದೇ ಇವೆ. ನೀರು ತಿಳಿಯಾಗಿದೆ. ರೊಟ್ಟಿ ಡಬ್ಬಿ ನಿನ್ನ ಮಾವನ ಕೈಗೆ ಸಿಗದ ಹಾಗೆ ಇಟ್ಟಿದ್ದೀನಿ. ಇನ್ನು ಮೂರು ತರಬೇಕೋ ಬೇಡವೋ ಅನ್ನೋದು ನಿನಗೆ ಬಿಟ್ಟಿದ್ದು. ಐದೇ ಇದ್ದರೂ ಎಷ್ಟು ಚೆಂದ ಓಡಾಡ್ತವೆ ಗೊತ್ತಾ.

ಮಕ್ಕಳ ವಿಷಯವನ್ನೂ ಇಲ್ಲೇ ಹೇಳಿಬಿಡ್ತೀನಿ. ಹೋದ ವಾರ ನನ್ನ ಅಕ್ಕ ಬಂದು, ಸೊಸೆ ಯಾವಾಗ ಬರ್ತಾಳೆ, ಇನ್ನೊಂದಕ್ಕೆ ತಡ ಮಾಡಬಾರದು ಅಂತ ಶುರು ಮಾಡಿದಳು. ಚಹಾ ಕುಡಿ ಅಂದೆ. ಮತ್ತೆ ಅದೇ ತೆಗೆದಳು. ಆ ಮಾತು ಈ ಮನೇಲಿ ಬೇಡ, ಬೇರೆ ಮಾತಿದ್ದರೆ ಆಡು ಅಂದೆ. ಮುಖ ಊದಿಸಿಕೊಂಡು ಹೋಗಿದ್ದಾಳೆ, ಹೋಗಲಿ. ಮಗು ಆದರೂ ಆಗದಿದ್ದರೂ ನೀನು ಈ ಮನೆಯವಳು. ನೀನು ಬರೋದು ನಮಗೋಸ್ಕರ ಬೇಡ, ನಿನಗೆ ಬರಬೇಕು ಅನ್ನಿಸಿದಾಗ ಬಾ. ಮೈ ಕಡೆ ಗಮನ ಇರಲಿ, ಹಾಲು ಬಿಡಬೇಡ.

ನಿನ್ನ ಅಮ್ಮೀ,
ಜಹೀರುನ್ನೀಸಾ

ಮತ್ತೆ ಸೇರಿಸಿದ್ದು: ಇದನ್ನ ಭಾನುವಾರ ಬೆಳಿಗ್ಗೆ ಬರೀತಿದ್ದೀನಿ. ಕಾಗದ ಅಂಚೆಗೆ ಹಾಕಲಿಲ್ಲ. ಶಾಹಬಾಜ್ ಬಸ್‌ಸ್ಟ್ಯಾಂಡಿಗೆ ಹೊರಟಾಗ ನಾನೂ ಬುರ್ಖಾ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ಅವನು ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟ. ಈಗ ತಿಪ್ಪೇಶನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೀನಿ, ತಿಪ್ಪೇಶನ ಹೆಂಡತಿ ಇದನ್ನ ನಿನ್ನ ಕೈಗೇ ಕೊಡ್ತೀನಿ ಅಂದಿದ್ದಾಳೆ. ನೀನು ಕರೆದರೆ ಬರ್ತೀವಿ, ಕರೆಯದಿದ್ದರೆ ಮಧ್ಯಾಹ್ನದ ಬಸ್ಸಿಗೆ ಹೋಗ್ತೀವಿ, ಬೇಜಾರೇನಿಲ್ಲ. ಇವತ್ತು ಮೀನು ತಗೊಳ್ಳೋಕೆ ಶಾಹಬಾಜನನ್ನ ನಾನು ಬಿಟ್ಟಿಲ್ಲ. ಖಾಲಿ ಕೈ ಎಲ್ಲಿಡಬೇಕು ಅಂತ ತಿಳಿಯದೆ ಬಾಗಿಲಲ್ಲಿ ನಿಂತಿದ್ದಾನೆ.