ಸೊನ್ನೆಗೆ ತಿರುಗಿಸದ ಗುಂಡಿ

ಎನುಗು
ಮಾರ್ಚ್ ೧೪, ಗುರುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಚೆನ್ನಾಗಿದ್ದೇನೆ ಎಂದೇ ನೀವು ಬರೆಯುವುದು ಎಂದು ಗೊತ್ತಿರುವುದರಿಂದ ಅಮ್ಮನನ್ನು ಬೇರೆಯಾಗಿ ವಿಚಾರಿಸಿದ್ದೇನೆ. ರಕ್ತದೊತ್ತಡದ ಮಾತ್ರೆ ನುಂಗುತ್ತೀರಂತೆ, ಉಪ್ಪು ಕಡಿಮೆ ಹಾಕಿದ ಸಾರನ್ನು ಮಾತ್ರ ಆಸ್ಪತ್ರೆ ಸಾರು ಎಂದು ಹಂಗಿಸಿ ಪಕ್ಕಕ್ಕೆ ತಳ್ಳುತ್ತೀರಂತೆ. ಲಕ್ವ ಹೊಡೆದು ಏಳು ತಿಂಗಳಾದ ಮೇಲೆ ಎಡಗೈ ಮತ್ತೆ ಹಿಡಿತಕ್ಕೆ ಬಂತು ಎಂದು ಕೇಳಿ ಕಣ್ಣಲ್ಲಿ ನೀರು ಬಂತು. ಆದರೆ ಎಡ ಪಾದ ಇನ್ನೂ ಮೇಲೇಳದೆ ನೆಲ ಸವರಿಕೊಂಡೇ ಬರುತ್ತದಂತೆ. ಹೊಸ್ತಿಲಿಗೆ ಎಡವಿದಾಗಲೆಲ್ಲ ಬಾಗಿಲು ಮಾಡಿದ ಬಡಗಿಯನ್ನು ಬಯ್ಯುತ್ತೀರಂತೆ. ಆ ಬಡಗಿ ಸತ್ತು ಇಪ್ಪತ್ತು ವರ್ಷವಾಯಿತು ಅಪ್ಪಾ, ಅವನನ್ನು ಬಿಟ್ಟುಬಿಡಿ. ಊರ ಸಂಘದ ಸಭೆಯಲ್ಲಿ ಎಲ್ಲರೆದುರು ಬಿದ್ದ ದಿನದಿಂದ ನೀವು ಅಂಗಳ ದಾಟಿಲ್ಲ ಎಂದೂ ಅಮ್ಮ ಹೇಳಿದಳು. ಅದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಇನ್ನು ಇಲ್ಲಿಯ ಸುದ್ದಿ. ನಿಮಗೆ ಇಷ್ಟವಿಲ್ಲದ ಆ ಪಾಠವನ್ನು ನಿನ್ನೆ ಶುರುಮಾಡಿದೆ. ಹೌದು, ವಿದ್ಯುತ್ ಚಿಕಿತ್ಸೆ, ಸೋತ ಸ್ನಾಯುವನ್ನು ಸಣ್ಣ ಕರೆಂಟು ಹಾಯಿಸಿ ಎಬ್ಬಿಸುವುದು. ಫಿಸಿಯೋಥೆರಪಿ ಮೂರನೇ ವರ್ಷದ ಮೂವತ್ತೆರಡು ಮಕ್ಕಳು, ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು, ಮೇಜಿನ ಮೇಲಿನ ಯಂತ್ರದಿಂದ ನಾಲ್ಕು ಮಾರು ದೂರ ಕುಳಿತಿದ್ದರು. ಯಂತ್ರ ನನಗಿಂತ ಹಿರಿಯದು, ಯಾವುದೋ ದೇಶದವರು ಹೊಸದು ಕೊಂಡ ಮೇಲೆ ನಮಗೆ ದಾನ ಮಾಡಿದ್ದು. ಮುಂದೆ ಒಂದು ದೊಡ್ಡ ಗುಂಡಿ, ಸೊನ್ನೆಯಿಂದ ಹತ್ತರವರೆಗೆ ತಿರುಗುತ್ತದೆ. ನಮ್ಮ ವಿಭಾಗದಲ್ಲಿ ಒಂದು ಕಟ್ಟುನಿಟ್ಟು ಇದೆ: ತನ್ನ ಮೈಗೆ ಹಾಯಿಸಿಕೊಳ್ಳದ ಕರೆಂಟನ್ನು ಯಾವ ವಿದ್ಯಾರ್ಥಿಯೂ ರೋಗಿಗೆ ಹಾಯಿಸುವಂತಿಲ್ಲ. ಅದಕ್ಕೇ ಮೊದಲ ತರಗತಿಯ ದಿನ ಎಲ್ಲರೂ ಪ್ರಾರ್ಥನೆ ಮುಗಿಸಿಕೊಂಡೇ ಬರುತ್ತಾರೆ. ಕಾಮ್ಸಿ ಎಂಬ ಹುಡುಗಿಯಂತೂ, ಮುಂಗೈಗೆ ಯಂತ್ರದ ತಂತಿ ಸೇರಿಸಿದ ಒದ್ದೆ ಪಟ್ಟಿ ಕಟ್ಟುವ ಮೊದಲೇ, ತನ್ನ ಬೈಬಲ್ ಯಾರಿಗೆ ಸೇರಬೇಕು ಎಂದು ಪಕ್ಕದವಳಿಗೆ ಹೇಳಿಬಿಟ್ಟಳು.

ಅವರ ಹೆದರಿಕೆ ಬಿಡಿಸಲು ನಮ್ಮ ವಿಭಾಗದ ಮುಖ್ಯಸ್ಥರು, ಪ್ರೊಫೆಸರ್ ಅನಿಕ್ವೆ, ತಾವೇ ಮುಂದೆ ಬಂದರು. ಅವರು ಸಭೆಗೆ ಹೋಗುವಂತೆ ಜರಿಯ ಟೋಪಿ ಹಾಕಿಕೊಂಡೇ ಪಾಠಕ್ಕೆ ಬರುವವರು. ಟೋಪಿ ತೆಗೆಯದೆ, ಒಂದು ಕಾಲಿನ ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಎತ್ತರದ ಮಂಚದ ಅಂಚಿನಲ್ಲಿ ಕುಳಿತರು. ಚಪ್ಪಲಿ ಕಾಲ್ಬೆರಳ ತುದಿಯಲ್ಲಿ ತೂಗಾಡುತ್ತಿತ್ತು. ನಾನು ಮೊಣಕಾಲಿನ ಕೆಳಗೆ ಪಟ್ಟಿ ಕಟ್ಟಿ ಗುಂಡಿಯನ್ನು ನಿಧಾನವಾಗಿ ಏರಿಸಿದೆ. ಎರಡಕ್ಕೆ ಇರುವೆ ಹರಿದಂತಾಗುತ್ತಿದೆ ಎಂದರು. ಮೂರಕ್ಕೆ ಆ ಇರುವೆಯೂ ಹೋಯಿತು ಎಂದರು. ನಾಲ್ಕಕ್ಕೂ ಏನಿಲ್ಲ. ತಮ್ಮ ವಯಸ್ಸಿನವರ ಕಾಲು ಗಟ್ಟಿ, ಇನ್ನೂ ಏರಿಸು ಎಂದು ಅವರು, ಸರಿ ಎಂದು ನಾನು; ಏಳಕ್ಕೆ ಬಂದು ಮುಟ್ಟಿದ್ದೆವು. ಆಗ ಕಾಮ್ಸಿ ಮೇಲೆ ನೋಡಿ, ಫ್ಯಾನು ನಿಲ್ಲುತ್ತಿದೆಯಲ್ಲ ಎಂದಳು. ಲೈಟು ಹೋಗಿ ಆಗಲೇ ಅರ್ಧ ನಿಮಿಷವಾಗಿತ್ತು.

ಇಲ್ಲಿ ನಿಮ್ಮ ಮುಖ ಕೆಂಪಾಗುವುದು ನನಗೆ ಕಾಣುತ್ತಿದೆ. ಲೈಟು ಹೋದ ಕೂಡಲೇ ಮನೆಯ ಎಲ್ಲ ಸ್ವಿಚ್ಚು ಆರಿಸಬೇಕು, ಅದು ವಾಪಸು ಬರುವಾಗ ಒಳ್ಳೆಯ ಬುದ್ಧಿಯಲ್ಲಿ ಬರುವುದಿಲ್ಲ ಎಂದು ಹೇಳಿ ಹೇಳಿ ನಮ್ಮನ್ನು ಬೆಳೆಸಿದವರು ನೀವು. ಇಸ್ತ್ರಿಪೆಟ್ಟಿಗೆ ಆರಿಸಲು ಮರೆತದ್ದಕ್ಕೆ ನನ್ನನ್ನು ಒಂದು ಗಂಟೆ ಅದರ ಮುಂದೆ ಕಾವಲು ನಿಲ್ಲಿಸಿದ್ದಿರಿ. ಅಂಥ ಲೈನ್‌ಮನ್ ಮಗಳು ನಾನು ಏನು ಮಾಡಿದೆ ಗೊತ್ತೇ? ಗುಂಡಿಯನ್ನು ಏಳರಲ್ಲೇ ಬಿಟ್ಟು ಕುರ್ಚಿಯಲ್ಲಿ ಕುಳಿತೆ. ಪ್ರೊಫೆಸರ್ ಪಟ್ಟಿ ಕಟ್ಟಿಕೊಂಡ ಕಾಲಿನಲ್ಲೇ, ರೋಗಿಯ ಮುಂದೆ ವೈದ್ಯನ ಗಾಂಭೀರ್ಯ ಹೇಗಿರಬೇಕು ಎಂಬುದರ ಬಗ್ಗೆ ಮಾತು ಶುರುಮಾಡಿದರು.

ಹತ್ತು ನಿಮಿಷಕ್ಕೆ ಲೈಟು ಬಂತು. ಅವರ ಪಾದ ಒಮ್ಮೆಲೇ ಮೇಲಕ್ಕೆ ಚಿಮ್ಮಿತು. ಚಪ್ಪಲಿ ಹಾರಿ ಹೋಗಿ ಮೂಲೆಯಲ್ಲಿ ತೂಗುಹಾಕಿದ್ದ ಅಸ್ಥಿಪಂಜರದ ಎದೆಗೂಡಿನಲ್ಲಿ ಸಿಕ್ಕಿಕೊಂಡಿತು, ಟೋಪಿ ಹಿಂದಕ್ಕೆ ಬಿತ್ತು. ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದರೇನೋ. ಲೈಟು ಬಂದಾಗ ಇಡೀ ಬೀದಿ ಕೈಯೆತ್ತಿ ಹೋ ಎಂದು ಕೂಗುವುದು ಗೊತ್ತೇ ಇದೆಯಲ್ಲ. ಹುಟ್ಟಿನಿಂದ ಬಂದ ಆ ರೂಢಿಯಂತೆ ಮೂವತ್ತೆರಡು ಮಕ್ಕಳೂ ಒಟ್ಟಿಗೆ ಕೈಯೆತ್ತಿ ಹೋ ಎಂದು ಕೂಗಿದರು, ಸರಿಯಾಗಿ ಅದೇ ಕ್ಷಣಕ್ಕೆ. ನಾನು ಓಡಿ ಗುಂಡಿಯನ್ನು ಸೊನ್ನೆಗೆ ತಿರುಗಿಸುವಷ್ಟರಲ್ಲಿ ಪ್ರೊಫೆಸರ್ ಎರಡು ಕೈಯಲ್ಲೂ ಮಂಚ ಹಿಡಿದುಕೊಂಡು ತಮ್ಮ ತಾಯಿಯನ್ನು ಕರೆಯುತ್ತಿದ್ದರು.

ದೇವರ ದಯೆ, ಕಾಲಿಗೆ ಏನೂ ಆಗಲಿಲ್ಲ. ನಾನು ಕ್ಷಮೆ ಕೇಳಿದೆ, ತಪ್ಪು ಪೂರಾ ನನ್ನದು ಎಂದು ಮಕ್ಕಳ ಎದುರಿಗೇ ಹೇಳಿದೆ. ಕಾಮ್ಸಿ ಅಸ್ಥಿಪಂಜರದಿಂದ ಚಪ್ಪಲಿ ಬಿಡಿಸಿ ತಂದುಕೊಟ್ಟಳು. ಅವರು ಅದನ್ನು ಹಾಕಿಕೊಳ್ಳುತ್ತಾ ನನ್ನನ್ನು ಕೇಳಿದರು: “ನಿಂಗೆ ಸ್ವಿಚ್ಚಿನ ವಿಷ್ಯ ಮನೇಲಿ ಯಾರೂ ಹೇಳ್ಕೊಟ್ಟಿಲ್ವೇನಮ್ಮಾ?”

ಹೇಳಿಕೊಟ್ಟಿದ್ದಾರೆ, ನನ್ನ ಅಪ್ಪ ಮೂವತ್ತೊಂದು ವರ್ಷ ಕಂಬ ಹತ್ತಿದವರು ಎಂದೆ.

“ಹಂಗಾದ್ರೆ ಅವ್ರನ್ನೇ ಕರ್ಕೊಂಡ್ ಬಾ. ಮೊದ್ಲು ಅವ್ರು ಪಾಠ ಮಾಡ್ಲಿ, ಆಮೇಲೆ ನೀನು ಮಾಡುವಿಯಂತೆ.”

ಅವರು ಹಂಗಿಸಿದ್ದು. ನಾನು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇವತ್ತು ಬೆಳಿಗ್ಗೆ ಬಿಸಿ ಬಿಸಿ ಓಕ್ಪಾ ಕಡುಬು ಕಟ್ಟಿಸಿಕೊಂಡು ಅವರ ಕೋಣೆಗೇ ಹೋಗಿ, ಬುಧವಾರ ಅಪ್ಪನನ್ನು ಕರೆತರುತ್ತೇನೆ ಎಂದೆ. ಅರ್ಧ ತಿಂದು ಮುಗಿಸುವ ಹೊತ್ತಿಗೆ ಅವರಿಗೂ ನಗು ಬಂದಿತ್ತು. ಆಗಲಿ ಎಂದಿದ್ದಾರೆ. ಆದ್ದರಿಂದ ಅಪ್ಪಾ, ಮಂಗಳವಾರ ಮಧ್ಯಾಹ್ನ ಕಾರು ತರುತ್ತೇನೆ. ಒಂದು ಗಂಟೆ ನೀವು ಮಕ್ಕಳಿಗೆ ಸ್ವಿಚ್ಚಿನ ಶಿಸ್ತು ಹೇಳಿಕೊಡಬೇಕು. ಕುಳಿತೇ ಹೇಳಬಹುದು. ಮಕ್ಕಳು ಆಗಲೇ ನಿಮ್ಮ ಹೆಸರು ಹಲಗೆಯ ಮೇಲೆ ಬರೆದಿದ್ದಾರೆ, ಇಲ್ಲ ಎಂದು ನನ್ನ ಮಾನ ಕಳೆಯಬೇಡಿ. ಹೇಗೂ ಅದರಲ್ಲಿ ಉಳಿದಿರುವುದು ಸ್ವಲ್ಪವೇ.

ಅಮ್ಮನಿಗೆ ನನ್ನ ಅಪ್ಪುಗೆ ತಲುಪಿಸಿ, ಸಾರಿಗೆ ಉಪ್ಪು ಹಾಕಬೇಡ ಎಂದೂ ಹೇಳಿ. ದೇವರು ನಿಮ್ಮಿಬ್ಬರನ್ನೂ ನನಗಾಗಿ ಗಟ್ಟಿಯಾಗಿ ಇಟ್ಟಿರಲಿ.

ನಿಮ್ಮ ಮಗಳು,
ಉಲೊಮಾ

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಮತ್ತೆ ಒಡೆದು ಬರೆಯುತ್ತಿದ್ದೇನೆ. ಮೊಣಕಾಲಿನವರೆಗೆ ಮಡಚಲು ಬರುವ ಅಗಲದ ಪ್ಯಾಂಟು ಹಾಕಿಕೊಂಡು ಬನ್ನಿ. ಯಾಕೆ ಎಂದು ನಿಮಗೆ ತಿಳಿಯುತ್ತದೆ, ಮುಚ್ಚಿಡುವುದಿಲ್ಲ. ನಿನ್ನೆ ಪ್ರೊಫೆಸರ್ ಪಾದ ಮೇಲೆದ್ದಾಗ ಎಲ್ಲರೂ ನಕ್ಕರು. ನನಗೆ ನಿಮ್ಮ ಪಾದವೇ ಕಣ್ಣ ಮುಂದೆ ಬಂತು. ನಿಮ್ಮದೂ ಏಳುತ್ತದೆ ಅಪ್ಪಾ, ನಿಧಾನವಾಗಿ, ನೋವಿಲ್ಲದೆ. ಕಂಬದ ಮೇಲೆ ಎಝೆಮಾ ಚಿಕ್ಕಪ್ಪ ಇರುವಾಗ ಕೆಳಗೆ ಯಾರೋ ಸ್ವಿಚ್ಚು ಹಾಕಿ ಅವರ ಎರಡು ಬೆರಳು ಹೋದದ್ದು ನಾನು ಮರೆತಿಲ್ಲ. “ಸ್ವಿಚ್ಚು ಬೇರೆಯೋರ ಕೈಲಿರೋ ತಂತಿಗೆ ನಾನು ಮೈ ಕೊಡಲ್ಲ ತಾಯಿ” ಎಂದು, ನಾನು ಈ ಚಿಕಿತ್ಸೆಯ ಮಾತೆತ್ತಿದಾಗ ನೀವು ಹೇಳಿದ್ದೂ ಮರೆತಿಲ್ಲ. ಮೊದಲು ಪಟ್ಟಿಯನ್ನು ನನ್ನ ಕಾಲಿಗೆ ಕಟ್ಟಿ ನೋಡಿ. ಆಮೇಲೆ ನಿಮ್ಮದಕ್ಕೆ. ಗುಂಡಿ ನಿಮ್ಮ ಕೈಯಲ್ಲೇ ಇರುತ್ತದೆ, ಬೇರೆ ಯಾರೂ ಮುಟ್ಟುವುದಿಲ್ಲ. ನಾನೂ ಮುಟ್ಟುವುದಿಲ್ಲ.